ಇಕೆಬಾನ ಸಂಘಗಳಲ್ಲಿ ನಡೆಯುವುದೇನು?

ಹೂವೆಂದರೆ ನಮ್ಮ ಕಡೆ ಮುಡಿಯುವುದಕ್ಕೆ, ಇಲ್ಲವೆ ದೇವರಿಗೆ ಏರಿಸುವುದಕ್ಕೆ. ಮೊಗ್ಗನ್ನು ಬಿಡಿಸಿದ ಮೇಲೆ ಎಲೆ, ದಂಟು, ರೆಂಬೆಗಳ ಯೋಚನೆ ನಮಗಿಲ್ಲ. ಬಾಳೆನಾರಿನಲ್ಲಿ ಕಟ್ಟಿದ ಮಾಲೆಯಲ್ಲಿ ಹೂವಿಗೂ ಹೂವಿಗೂ ನಡುವೆ ಸಂದು ಕಂಡರೆ ಕಟ್ಟಿದವರ ಕೈ ಸಾಲದೆಂದೇ ಅರ್ಥ. ಜಪಾನೀಯರ ಪುಷ್ಪವಿನ್ಯಾಸವಾದ ಇಕೆಬಾನ ಇದಕ್ಕೆ ತೀರ ಬೇರೆಯಾದ ದಾರಿಯನ್ನು ಹಿಡಿದಿದೆ. ಅಲ್ಲಿ ಹೂವಿಗಿಂತ ಮೊದಲು ರೆಂಬೆಯನ್ನು ನೋಡುತ್ತಾರೆ. ರೆಂಬೆಗಿಂತಲೂ ಹೆಚ್ಚಾಗಿ ರೆಂಬೆಗಳ ನಡುವೆ ಉಳಿಯುವ ಬಯಲನ್ನು ನೋಡುತ್ತಾರೆ.

ಈ ಕಲೆಯ ಮೂಲ ಬುದ್ಧನಿಗೆ ಅರ್ಪಿಸುತ್ತಿದ್ದ ಹೂವುಗಳಲ್ಲಿದೆ. ಕ್ಯೋಟೋ ನಗರದ ರೊಕ್ಕಾಕುದೊ ದೇವಾಲಯದ ಇಕೆನೊಬೊ ಸೆಂಕೇ ಎಂಬ ಅರ್ಚಕನ ಪುಷ್ಪವಿನ್ಯಾಸದ ಪ್ರಸ್ತಾಪ 1462ರ ದಿನಚರಿಯೊಂದರಲ್ಲಿ ಬಂದಿದೆ. ಅವನ ಪಂಥ ಇಂದಿಗೂ ಜೀವಂತವಾಗಿದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಒಹಾರಾ ಉನ್‌ಶಿನ್ ಅಗಲವಾದ, ಆಳವಿಲ್ಲದ ಬಟ್ಟಲಿನಲ್ಲಿ ಹೂ ಜೋಡಿಸುವ ಪದ್ಧತಿಯನ್ನು ತಂದನು; 1927ರಲ್ಲಿ ತೆಶಿಗಾಹರಾ ಸೋಫು ಸೊಗೆತ್ಸು ಪಂಥವನ್ನು ಸ್ಥಾಪಿಸಿದನು. ಮೊದಲು ಭಿಕ್ಷುಗಳೂ ಯೋಧರೂ ಅಭ್ಯಾಸ ಮಾಡುತ್ತಿದ್ದ ಈ ಕಲೆ ಮೇಜಿ ಯುಗದಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ಪ್ರವೇಶಿಸಿತು.

ಜಪಾನಿನ ಹೊರಗೆ ಊರೂರಿನಲ್ಲಿ ಇದರ ಸಂಘಗಳು ಹುಟ್ಟಿದ ಬಗೆ ಕುತೂಹಲಕರವಾದುದು. 1945ರಲ್ಲಿ ಜಪಾನು ಶರಣಾಯಿತು. 1952ರವರೆಗೆ ಅಲ್ಲಿ ಪರಸೈನ್ಯದ ಆಡಳಿತವಿತ್ತು. ಆ ಸೈನ್ಯದ ಅಧಿಕಾರಿಗಳೊಡನೆ ಬಂದ ಅಮೆರಿಕಾದ ಸ್ತ್ರೀಯರಲ್ಲಿ ಅನೇಕರು ಜಪಾನೀ ಗುರುಗಳ ಬಳಿ ಹೂ ಜೋಡಿಸುವುದನ್ನು ಕಲಿಯತೊಡಗಿದರು. ಅವರಲ್ಲೊಬ್ಬರು ಸೇನಾಪತಿಯೊಬ್ಬನ ಪತ್ನಿ ಎಲೆನ್ ಗಾರ್ಡನ್ ಅಲೆನ್. ಈಕೆ 1956ರಲ್ಲಿ ಟೋಕಿಯೋದಲ್ಲಿ ‘ಇಕೆಬಾನ ಇಂಟರ್‌ನ್ಯಾಷನಲ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಒಂದನೆಯ ಸಂಖ್ಯೆಯ ಶಾಖೆ ಅದೇ ವರ್ಷ ವಾಷಿಂಗ್ಟನ್ನಿನಲ್ಲಿ ಆರಂಭವಾಯಿತು. ಇಂದು ಹಲವು ದೇಶಗಳಲ್ಲಿ ನೂರಕ್ಕೂ ಹೆಚ್ಚು ಶಾಖೆಗಳಿವೆ. ‘ಹೂವಿನ ಮೂಲಕ ಸ್ನೇಹ’ ಎಂಬುದು ಅವುಗಳ ಧ್ಯೇಯವಾಕ್ಯ. ಹಿರೋಶಿಮಾದ ಮೇಲೆ ಬಾಂಬು ಬಿದ್ದು ಆಗಿನ್ನೂ 11 ವರ್ಷ ಕಳೆದಿತ್ತಷ್ಟೆ. ಸ್ನೇಹದ ಮಾತು ಗೆದ್ದವರ ಬಾಯಿಗೆ ಸುಲಭವೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಇಲ್ಲಿ ಗುರುಪೀಠದಲ್ಲಿ ಕುಳಿತವರು ಸೋತವರು, ತಲೆಬಾಗಿ ಕಲಿತವರು ಗೆದ್ದವರು. ಇದು ಸಣ್ಣ ಸಂಗತಿಯಲ್ಲ.

ಇಂಥ ಶಾಖೆಯ ಸಭೆಯಲ್ಲಿ ಭಾಷಣ ಕಡಿಮೆ. ಒಮ್ಮೆ ಒಂದು ಪಂಥದ ಶಿಕ್ಷಕರು, ಇನ್ನೊಮ್ಮೆ ಬೇರೊಂದು ಪಂಥದವರು ಎಲ್ಲರೆದುರಿಗೆ ಹೂ ಜೋಡಿಸಿ ತೋರಿಸುತ್ತಾರೆ. ಅಭ್ಯಾಸಕ್ಕೆ ಕೂತಾಗ ಸದಸ್ಯರ ಮುಂದೆ ಬಟ್ಟಲು, ಕತ್ತರಿ ಮತ್ತು ಕೆನ್‌ಜಾನ್ ಇರುತ್ತವೆ. ಕೆನ್‌ಜಾನ್ ಎಂದರೆ ‘ಖಡ್ಗಗಳ ಬೆಟ್ಟ’: ಭಾರವಾದ ಸೀಸದ ಬಿಲ್ಲೆಯ ಮೇಲೆ ಒತ್ತೊತ್ತಾಗಿ ಹಿತ್ತಾಳೆ ಸೂಜಿಗಳು. ದಂಟನ್ನು ನೀರಿನೊಳಗೇ ಅದ್ದಿ ಕತ್ತರಿಸಬೇಕು. ಹೊರಗೆ ಕತ್ತರಿಸಿದರೆ ದಂಟಿನ ನಾಳಗಳಿಗೆ ಗಾಳಿ ಹೊಕ್ಕು ನೀರು ಏರುವುದಕ್ಕೆ ಅಡ್ಡಿಯಾಗುತ್ತದೆ.

ಅನಂತರದ್ದು ಶುದ್ಧ ಗಣಿತ. ಸೊಗೆತ್ಸು ಪಂಥದ ಮೊದಲ ಪಾಠವನ್ನೇ ತೆಗೆದುಕೊಳ್ಳೋಣ. ಮುಖ್ಯವಾದ ಕಡ್ಡಿಗಳು ಮೂರು: ಶಿನ್, ಸೊಎ, ಹಿಕಾಎ. ಬಟ್ಟಲಿನ ಅಗಲ 30 ಸೆಂಟಿಮೀಟರ್, ಆಳ 6 ಎಂದಿಟ್ಟುಕೊಂಡರೆ ಎರಡೂ ಸೇರಿ 36; ಅದರ ಒಂದೂವರೆಯಷ್ಟು, ಅಂದರೆ 54 ಸೆಂಟಿಮೀಟರ್, ಶಿನ್ನಿನ ಉದ್ದ. ಅದರ ಮುಕ್ಕಾಲು ಭಾಗ ಸೊಎ. ಸೊಎಯ ಮುಕ್ಕಾಲು ಭಾಗ ಹಿಕಾಎ. ನೆಟ್ಟಗೆ ನಿಂತ ಗೆರೆಯಿಂದ ಮೊದಲನೆಯದು 15 ಡಿಗ್ರಿ, ಎರಡನೆಯದು 45, ಮೂರನೆಯದು 75 ಡಿಗ್ರಿ ಬಾಗಿರಬೇಕು. ಹೂವಿಗೆ ಕೋನಮಾಪಕವೇ ಎಂದು ನಗು ಬರಬಹುದು. ಆದರೆ ರಾಗವನ್ನು ವಿಸ್ತರಿಸುವವನೂ ಮೊದಲು ಸರಳೆವರಸೆ ಹಾಡಿದವನೇ ತಾನೆ? ಶಿಕ್ಷಕರು ತಿದ್ದುವಾಗ ಸೇರಿಸುವುದು ಕಡಿಮೆ, ಕೀಳುವುದೇ ಹೆಚ್ಚು. ಹತ್ತು ಎಲೆಯ ರೆಂಬೆಯಲ್ಲಿ ಕೊನೆಗೆ ನಾಲ್ಕು ಉಳಿದರೂ ಉಂಟು. ವಾರ್ಷಿಕ ಪ್ರದರ್ಶನದ ದಿನಗಳಲ್ಲಿ ಸದಸ್ಯರಿಗೆ ಇನ್ನೊಂದು ಕೆಲಸ: ಬಾಗಿಲು ತೆರೆಯುವ ಮುನ್ನ ಬಂದು ನೀರು ತುಂಬುವುದು, ಬಾಡಿದ್ದನ್ನು ಬದಲಿಸುವುದು.

ಇದು ಬಿಡುವೂ ಹಣವೂ ಉಳ್ಳವರ ವಿಲಾಸವಲ್ಲವೆ ಎಂಬ ಸಂದೇಹ ನನಗೂ ಉಂಟು. ನಮ್ಮ ಮನೆಯಲ್ಲಿ ಹೂ ಕಟ್ಟುವುದು ಮೊಳಕ್ಕಿಷ್ಟೆಂದು ಮಾರಿ ಅಕ್ಕಿ ತರುವುದಕ್ಕೆ. ಆರು ಎಲೆ ಕಿತ್ತುಹಾಕಿ ಮೆಚ್ಚುವುದಕ್ಕಲ್ಲ. ಪಂಥಗಳಲ್ಲಿ ದರ್ಜೆ ದರ್ಜೆಗೂ ಪ್ರಮಾಣಪತ್ರವಿದೆ, ಅದಕ್ಕೆ ಶುಲ್ಕವಿದೆ. ಹಾಗಿದ್ದರೂ ಜಪಾನಿನಲ್ಲಿ ಎಷ್ಟೋ ಸ್ತ್ರೀಯರು ಇದನ್ನು ಕಲಿಸಿಯೇ ಜೀವನ ಸಾಗಿಸಿದ್ದಾರೆಂಬುದನ್ನು ಮರೆಯಲಾಗದು. ಸೋಫುವಿನ ಮತದಂತೆ ಯಾರು ಬೇಕಾದರೂ, ಎಲ್ಲಿ ಬೇಕಾದರೂ, ಯಾವ ವಸ್ತುವಿನಿಂದಲಾದರೂ ಇಕೆಬಾನ ಮಾಡಬಹುದು. ಕೆನ್‌ಜಾನ್ ಕೂಡ ಅನಿವಾರ್ಯವಲ್ಲ. ಹಳೆಯ ಪದ್ಧತಿಯಲ್ಲಿ ಪಾತ್ರೆಯ ಬಾಯಿಗೆ ಕವಲೊಡೆದ ಕಡ್ಡಿಯೊಂದನ್ನು ಬಿಗಿಯಾಗಿ ಸಿಕ್ಕಿಸಿ, ಅದರ ಸಂದಿನಲ್ಲಿ ದಂಟನ್ನು ನಿಲ್ಲಿಸುತ್ತಾರೆ. ಸೀಬೆ ಗಿಡದಲ್ಲಿ ಅಂಥ ಕವಲು ಹೇರಳ.

ನಮ್ಮ ನಾಡಿನಲ್ಲಿ ಇದನ್ನು ಕಣ್ಣಾರೆ ಕಾಣಬೇಕೆನ್ನುವವರು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಸಮಯಕ್ಕೆ ಬೆಂಗಳೂರಿಗೆ ಹೋಗಬಹುದು. 1912ರಲ್ಲಿ ಸ್ಥಾಪಿತವಾದ ಮೈಸೂರು ಉದ್ಯಾನ ಕಲಾ ಸಂಘ ಆಗ ಏರ್ಪಡಿಸುವ ಸ್ಪರ್ಧೆಗಳಲ್ಲಿ ಇಕೆಬಾನವೂ ಸೇರಿದೆ. ಗಾಜಿನ ಮನೆಯ ಮುಂದಿನ ನೂಕುನುಗ್ಗಲಿನಿಂದ ಸ್ವಲ್ಪ ಬಿಡಿಸಿಕೊಂಡು ಆ ಮೇಜುಗಳ ಹತ್ತಿರ ಹೋಗಿ, ಒಂದು ಬಟ್ಟಲಿನೆದುರು ನಿಂತು, ಹೂವಿನ ಬಣ್ಣಕ್ಕೆ ಮುಂಚೆ ಬರಿದಾಗಿ ಬಿಟ್ಟ ನೀರು ಎಷ್ಟಿದೆಯೆಂದು ನೋಡಿರಿ.