ಸಾರ್ವಜನಿಕ ಶೌಚಾಲಯದ ಅಂಜಿಕೆ

ಜಲಬಾಧೆ ಒತ್ತರಿಸಿರುತ್ತದೆ; ಶೌಚಾಲಯವೂ ಶುಚಿಯಾಗಿಯೇ ಇರುತ್ತದೆ. ಆದರೆ ಪಕ್ಕದಲ್ಲಿ ಒಬ್ಬರು ಬಂದು ನಿಂತರೆ, ಇಲ್ಲವೆ ಬಾಗಿಲಾಚೆ ಕಾಯುವವರ ಸಪ್ಪಳ ಕೇಳಿದರೆ ಒಂದು ಹನಿಯೂ ಇಳಿಯುವುದಿಲ್ಲ. ಮನೆ ಸೇರಿದೊಡನೆ ಸರಾಗವಾಗಿ ಹೋಗುತ್ತದೆ. ಸ್ತ್ರೀ ಪುರುಷರಿಬ್ಬರಲ್ಲಿಯೂ ಕಂಡುಬರುವ ಈ ತೊಂದರೆಯನ್ನು ಬಾಯಿಬಿಟ್ಟು ಹೇಳಿಕೊಳ್ಳುವವರು ವಿರಳ. ವಿಲಿಯಮ್ಸ್ ಮತ್ತು ಡೆಗೆನ್‌ಹಾರ್ಟ್ ಎಂಬ ಸಂಶೋಧಕರು 1954ರಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಕುರಿತು ನಡೆಸಿದ ಅಧ್ಯಯನದಲ್ಲಿ ಇದನ್ನು ‘ಪಾರುರೆಸಿಸ್’ ಎಂದು ಕರೆದರು. ಇಂದು ಮನೋವೈದ್ಯರು ಇದನ್ನು ಸಾಮಾಜಿಕ ಆತಂಕದ ಒಂದು ಬಗೆಯೆಂದು ಪರಿಗಣಿಸುತ್ತಾರೆ.

ಹೊಲಸಾದ, ಅಗಳಿಯಿಲ್ಲದ ಶೌಚಾಲಯವನ್ನು ಕಂಡು ಹಿಂಜರಿಯುವುದು ಬೇರೆ. ಅಲ್ಲಿ ಕೊರತೆ ವ್ಯವಸ್ಥೆಯದು. ಇಲ್ಲಿಯ ಅಂಜಿಕೆ ಕೊಳೆಯನ್ನು ಕುರಿತದ್ದಲ್ಲ, ಇತರರ ಕಣ್ಣು ಕಿವಿಗಳನ್ನು ಕುರಿತದ್ದು.

ಮೂತ್ರ ವಿಸರ್ಜನೆಯಾಗಲು ಎರಡು ಕ್ರಿಯೆಗಳು ಒಟ್ಟಿಗೆ ನಡೆಯಬೇಕು. ಮೂತ್ರಕೋಶದ ಗೋಡೆಯ ಸ್ನಾಯು ಸಂಕುಚಿತಗೊಳ್ಳಬೇಕು. ಅದರ ಬಾಯಿಯನ್ನು ಮುಚ್ಚಿರುವ ಸ್ನಾಯುಗಳು ಸಡಿಲವಾಗಬೇಕು. ಭಯವುಂಟಾದಾಗ ಶರೀರವು ಓಟಕ್ಕೋ ಹೋರಾಟಕ್ಕೋ ಅಣಿಯಾಗುತ್ತದೆ. ಆಗ ಎದೆಬಡಿತವನ್ನು ಹೆಚ್ಚಿಸುವ ನರವ್ಯೂಹವೇ ಮೂತ್ರಕೋಶದ ಗೋಡೆಯನ್ನು ಸಡಿಲಿಸಿ, ಬಾಯಿಯನ್ನು ಬಿಗಿಯುತ್ತದೆ. ಈ ಬಿಗಿತವು ಇಚ್ಛೆಗೆ ಅಧೀನವಾದುದಲ್ಲ. ಆದಕಾರಣ ‘ಇದಕ್ಕೇಕೆ ಇಷ್ಟು ನಾಚಿಕೆ?’ ಎಂದು ಹಾಸ್ಯ ಮಾಡುವುದರಿಂದಾಗಲಿ, ಅವಸರಪಡಿಸುವುದರಿಂದಾಗಲಿ ಆತಂಕ ಹೆಚ್ಚುವುದೇ ಹೊರತು ಪ್ರಯೋಜನವಾಗದು.

ತಡೆಯಬಾರದ 13 ವೇಗಗಳನ್ನು ಹೇಳುವ ಚರಕ ಸಂಹಿತೆಯು ಮೂತ್ರವನ್ನು ಮೊದಲಿಗೇ ಎಣಿಸುತ್ತದೆ. ಈ ಅಂಜಿಕೆಯುಳ್ಳವರಾದರೋ ಬೇಕೆಂದು ತಡೆಯುವವರಲ್ಲ. ಆದರೆ ಹೊರಗೆ ಹೋಗುವ ದಿನ ಅವರು ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ. ಇದರಿಂದ ಮೂತ್ರನಾಳದ ಸೋಂಕು ಮತ್ತು ಮೂತ್ರಪಿಂಡದ ಹರಳಿನ ಸಂಭವ ಹೆಚ್ಚುತ್ತದೆ. ಕ್ರಮೇಣ ದೂರದ ಪ್ರಯಾಣ, ಬಂಧುಗಳ ಮದುವೆ, ಜಾತ್ರೆ, ವಸತಿನಿಲಯದ ವಾಸ ಎಲ್ಲವನ್ನೂ ಒಂದೊಂದು ನೆಪ ಹೇಳಿ ಬಿಡತೊಡಗುತ್ತಾರೆ. ತಪ್ಪಿಸಿಕೊಂಡಾಗ ಆ ಕ್ಷಣಕ್ಕೆ ನೆಮ್ಮದಿಯೆನಿಸುತ್ತದೆ. ಆ ನೆಮ್ಮದಿಯೇ ಅಂಜಿಕೆಯನ್ನು ಮತ್ತಷ್ಟು ಬಲಪಡಿಸುತ್ತದೆ. ಕೊನೆಗೆ ಒಂಟಿತನವೂ ಖಿನ್ನತೆಯೂ ಜೊತೆಗೂಡಬಹುದು.

ಪರಿಹಾರವುಂಟು. ಮೊದಲು ವೈದ್ಯರಲ್ಲಿ ತಪಾಸಣೆ ಮಾಡಿಸಬೇಕು. ಪ್ರಾಸ್ಟೇಟ್ ಗ್ರಂಥಿಯ ಊತ, ಸೋಂಕು, ಮಧುಮೇಹದಿಂದಾದ ನರದೌರ್ಬಲ್ಯ, ಕೆಲವು ಔಷಧಗಳು ಸಹ ಮೂತ್ರಕ್ಕೆ ಅಡ್ಡಿಯಾಗುತ್ತವೆ. ಮನೆಯಲ್ಲಿಯೂ ತೊಂದರೆಯಿದ್ದರೆ ಅದನ್ನು ಕೇವಲ ಅಂಜಿಕೆಯೆಂದು ಭಾವಿಸಬಾರದು. ಕೆಳಹೊಟ್ಟೆ ಬಿಗಿದು ನೋಯುತ್ತಿದ್ದು, ಎಲ್ಲಿಯೂ ಮೂತ್ರ ಹೋಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ದೈಹಿಕ ಕಾರಣವಿಲ್ಲವೆಂದಾದರೆ ಮನೋಚಿಕಿತ್ಸಕರ ಮಾರ್ಗದರ್ಶನದಲ್ಲಿ ಹಂತ ಹಂತವಾದ ಅಭ್ಯಾಸವೇ ಮುಖ್ಯ ಚಿಕಿತ್ಸೆ. ಸಾಕಷ್ಟು ನೀರು ಕುಡಿದು, ನಂಬಿಕಸ್ಥರೊಬ್ಬರು ದೂರದ ಕೋಣೆಯಲ್ಲಿರುವಾಗ ಮನೆಯಲ್ಲಿಯೇ ಪ್ರಯತ್ನಿಸಬೇಕು. ಅದು ಸುಲಭವಾದ ಬಳಿಕ ಅವರು ಬಾಗಿಲ ಸಮೀಪಕ್ಕೆ ಬರಲಿ. ಅನಂತರ ಜನರಿಲ್ಲದ ಹೊತ್ತಿನ ಸಾರ್ವಜನಿಕ ಶೌಚಾಲಯ, ಕೊನೆಗೆ ಜನಸಂದಣಿಯ ಸ್ಥಳ. ಒಂದು ಹಂತ ರೂಢಿಯಾಗದೆ ಮುಂದಿನದಕ್ಕೆ ಹೋಗಬಾರದು. ಒಂದು ದಿನ ಆಗದಿದ್ದರೆ ಸೋಲೆಂದು ತಿಳಿಯದೆ ಮರುದಿನ ಪ್ರಯತ್ನಿಸಬೇಕು. ‘ಎಲ್ಲರೂ ನನ್ನನ್ನೇ ಗಮನಿಸುತ್ತಿದ್ದಾರೆ’ ಎಂಬ ಭಾವನೆಯನ್ನು ಪರಾಮರ್ಶಿಸಿ ತಿದ್ದಿಕೊಳ್ಳುವುದನ್ನೂ ಚಿಕಿತ್ಸಕರು ಕಲಿಸುತ್ತಾರೆ.

ಮನೋವೈದ್ಯರ ಬಳಿಗೆ ಹೋಗಲು ಸಂಕೋಚವಾದರೆ ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮಕ್ಕಳು ಶಾಲೆಗೆ ಒಯ್ದ ನೀರನ್ನು ಕುಡಿಯದೆ ದಿನವೂ ಮರಳಿ ತರುತ್ತಿದ್ದರೆ ತಾಯಿತಂದೆಯರು ಗದರಿಸದೆ ಕಾರಣ ಕೇಳಬೇಕು. ಶಾಲೆಯ ಶೌಚಾಲಯ ಸರಿಯಿಲ್ಲವೋ ಅಥವಾ ಮಗುವಿಗೆ ಅಂಜಿಕೆಯೋ ಎಂಬುದು ಆಗ ತಿಳಿಯುತ್ತದೆ; ಎರಡಕ್ಕೂ ಪರಿಹಾರವಿದೆ.