ತಾಂಡೂರಿನ ಭಟ್ಟಿಯ ಕೂಡು–ಕಳೆ

ತಾಂಡೂರಿನಿಂದ ಸೇಡಂ, ಮಳಖೇಡದವರೆಗೆ ಕಾಗಿಣಾ ಹೊಳೆಯ ಸೀಮೆಯಲ್ಲಿ ನೆಲದಡಿ ಹಾಸಿರುವುದು ಸುಣ್ಣದಕಲ್ಲು. ಹಾಳೆಹಾಳೆಯಾಗಿ ಎದ್ದರೆ ಮನೆಗೆ ಫರಸಿ; ಪುಡಿಯಾದರೆ ಸಿಮೆಂಟ್ ಕಾರ್ಖಾನೆಯ ಭಟ್ಟಿಗೆ. ಅಲ್ಲಿ 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಲ್ಲು ಸುಟ್ಟ ಸುಣ್ಣವಾಗುತ್ತದೆ, ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. ಇದಕ್ಕೆ ಬೇಕಾದ ಶಾಖವೆಷ್ಟು?

ಉರಿಯುವ ಭಟ್ಟಿಯೊಳಗೆ ಇಳಿದು ಅಳೆಯಬೇಕಿಲ್ಲ. ತಾಂಡೂರಿನಿಂದ ಜಹೀರಾಬಾದಿಗೆ ನೇರ ಹೋಗಿ, ಇಲ್ಲವೇ ನಾರಾಯಣಖೇಡ ಸುತ್ತಿ ಹೋಗಿ. ಪೆಟ್ರೋಲ್ ಖರ್ಚು ಬೇರೆಯಾದೀತು, ಎರಡೂ ಊರುಗಳ ಎತ್ತರದ ಅಂತರ ಬದಲಾಗದು. ರಾಸಾಯನಿಕ ಕ್ರಿಯೆಯ ಶಾಖವೂ ಹೀಗೆಯೇ, ಹೊರಟ ಜಾಗ ಮತ್ತು ತಲುಪಿದ ಜಾಗವನ್ನಷ್ಟೇ ಕೇಳುತ್ತದೆ ಎಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಜರ್ಮೇನ್ ಹೆಸ್ 1840ರಲ್ಲಿ ತೋರಿಸಿದ. ಒತ್ತಡ ಬದಲಾಗದ ಕಡೆ ಆ ‘ಎತ್ತರ’ದ ಹೆಸರು ಎಂಥಾಲ್ಪಿ. ಶುದ್ಧ ಧಾತುಗಳಿಗೆ ಸೊನ್ನೆ ಎಂದಿಟ್ಟುಕೊಂಡರೆ, ಒಂದು ಮೋಲ್‌ಗೆ ಸುಣ್ಣದಕಲ್ಲು –1206.9 ಕಿಲೋಜೂಲ್, ಸುಟ್ಟ ಸುಣ್ಣ –635.1, ಕಾರ್ಬನ್ ಡೈಆಕ್ಸೈಡ್ –393.5. ಕೊನೆಯ ಎರಡನ್ನು ಕೂಡಿ, ಅದರಿಂದ ಮೊದಲನೆಯದನ್ನು ಕಳೆಯಿರಿ: +178.3. ಒಂದು ಮೋಲ್, ಅಂದರೆ ನೂರು ಗ್ರಾಂ ಕಲ್ಲಿಗೆ ಇಷ್ಟು ಶಾಖ ಕೊಡಲೇಬೇಕು.

ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಮೋಲ್‌ಗೆ 65.2 ಕಿಲೋಜೂಲ್ ಹೊರಬರುತ್ತದೆ. ಒಂದು ಕಿಲೋ ಸುಣ್ಣದ ಲೆಕ್ಕಕ್ಕೆ, ಇದು 30 ಡಿಗ್ರಿಯ ನಾಲ್ಕು ಲೀಟರ್ ನೀರನ್ನು ಹೆಚ್ಚುಕಡಿಮೆ ಕುದಿಯುವ ಮಟ್ಟಕ್ಕೆ ತರುವಷ್ಟು. ಹಬ್ಬಕ್ಕೆ ಸುಣ್ಣ ಅರಳಿಸುವಾಗ ಮಕ್ಕಳನ್ನು ದೂರ ಓಡಿಸುತ್ತಿದ್ದುದು ಸುಮ್ಮನೆ ಅಲ್ಲ. ಗೋಡೆಗೆ ಬಳಿದ ಆ ಸುಣ್ಣ ನಿಧಾನವಾಗಿ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದಕಲ್ಲೇ ಆಗುತ್ತದೆ. ಆಗ ಇನ್ನೂ 113.1 ಹೊರಬರುತ್ತದೆ, ಯಾರ ಕೈಗೂ ತಾಗದಷ್ಟು ಮೆಲ್ಲಗೆ. ಈಗ ಕೂಡಿ ನೋಡಿ: 65.2 ಮತ್ತು 113.1, ಸರಿಯಾಗಿ 178.3. ಭಟ್ಟಿ ಕೊಟ್ಟ ಸಾಲವನ್ನು ಗೋಡೆ ತೀರಿಸಿತು. ಪಿಯುಸಿ ಮಕ್ಕಳಿಗೆ ಚಿಹ್ನೆಗಳ ನಿಯಮ ಉರು ಹೊಡೆಸುವ ಮೊದಲು ಈ ಮೂರು ಸಂಖ್ಯೆ ಬರೆದು ತೋರಿಸಬಾರದೇಕೆ?

ಒಂದು ತಕರಾರಿದೆ. ಮೇಲಿನ ಸಂಖ್ಯೆಗಳೆಲ್ಲ 25 ಡಿಗ್ರಿಯವು, ಭಟ್ಟಿ 900ರದು. ವಸ್ತುಗಳ ಉಷ್ಣಧಾರಣೆಯೂ ಬಿಸಿಯೊಂದಿಗೆ ಬದಲಾಗುವುದರಿಂದ ಇಲ್ಲಿ ಕೂಡು–ಕಳೆ ಸಾಲದು, ಅನುಕಲನ ಬೇಕು. ದಾರಿ ತೋರಿಸಿದವನು ಕಿರ್ಕಾಫ್, 1858ರಲ್ಲಿ. ಹಾಗೆ ಲೆಕ್ಕಹಾಕಿದರೆ 178 ತುಸು ಇಳಿಯುತ್ತದೆ, ಅಷ್ಟೇ.

ಸಿಮೆಂಟಿನಲ್ಲಿ ಸುಣ್ಣ ಮುಂದೆ ಜೇಡಿಯ ಸಿಲಿಕಾ ಜೊತೆ ಬೆರೆತು ಕ್ಲಿಂಕರ್ ಆಗುವಾಗ ಒಂದಿಷ್ಟು ಶಾಖ ಮರಳುತ್ತದೆ. ಎಲ್ಲ ಸೇರಿ ಕಿಲೋ ಕ್ಲಿಂಕರಿಗೆ ಬೇಕಾದದ್ದು ಸುಮಾರು 1,750 ಕಿಲೋಜೂಲ್. ಒಳ್ಳೆಯ ಕಾರ್ಖಾನೆಯೂ ಸುಡುವುದು 3,000ದ ಹತ್ತಿರ. ಮಿಕ್ಕದ್ದು ಹೊಗೆಯಲ್ಲಿ, ಭಟ್ಟಿಯ ಮೈಯಿಂದ ಸೋರುತ್ತದೆ. ಎಂಜಿನಿಯರುಗಳು ಚೌಕಾಸಿ ಮಾಡಬಹುದಾದದ್ದು ಈ ಮಿಕ್ಕದ್ದರ ಜೊತೆ ಮಾತ್ರ. ಕಾರ್ಖಾನೆಯ ಆ ಎತ್ತರದ ಗೋಪುರ ಎದ್ದಿರುವುದು ಅದಕ್ಕಾಗಿಯೇ: ಮೇಲಿಂದ ಇಳಿಯುವ ಕಲ್ಲುಪುಡಿಗೆ ಕೆಳಗಿನಿಂದ ಏರುವ ಹೊಗೆ ಎದುರಾಗಿ, ಭಟ್ಟಿ ಮುಟ್ಟುವ ಮೊದಲೇ ಅದನ್ನು 800 ಡಿಗ್ರಿಗೆ ಕಾಯಿಸುತ್ತದೆ.