‘ಬೇರೆ ಕಡೆ ತೋರಿಸಿಕೊಳ್ಳಿ’ ಎಂದ ಮೇಲೆ

ವಯಸ್ಸಾದ ರೋಗಿಯನ್ನು ಡಾಕ್ಟರು ಕೂಗಾಡಿ ಹೊರಗೆ ಕಳಿಸುವುದು ಅಪರೂಪ. ಸಾಮಾನ್ಯವಾಗಿ ಚೀಟಿಯನ್ನು ಮೇಜಿನ ಈಚೆಗೆ ಸರಿಸಿ, ‘ನಮ್ಮ ಕಡೆಯಿಂದ ಇನ್ನೇನೂ ಆಗಲ್ಲ ಅಮ್ಮ, ಬೇರೆ ಕಡೆ ತೋರಿಸಿಕೊಳ್ಳಿ’ ಎಂದುಬಿಡುತ್ತಾರೆ. ಅಷ್ಟನ್ನೂ ಹೇಳದೆ ರಿಸೆಪ್ಷನ್‌ನಲ್ಲಿ ಕೂತವರಿಂದ ‘ಅಪಾಯಿಂಟ್‌ಮೆಂಟ್ ಇಲ್ಲ’ ಎನಿಸುವವರೂ ಉಂಟು. ಇನ್ನು ಕೆಲವು ಕಡೆ ಡಾಕ್ಟರೇ ಆಸ್ಪತ್ರೆ ಬಿಟ್ಟು ಹೋಗಿರುತ್ತಾರೆ. ರೋಗಿಗೆ ಅದು ಗೊತ್ತಾಗುವುದು ಆಟೋ ಇಳಿದು, ಮಗಳ ಭುಜ ಹಿಡಿದು ಮೆಟ್ಟಿಲು ಹತ್ತಿದ ಮೇಲೆ.

ಜ್ವರ, ಕೆಮ್ಮಿನವರಾದರೆ ಪಕ್ಕದ ಬೀದಿಯ ಕ್ಲಿನಿಕ್‌ಗೆ ಹೋದರಾಯಿತು. ವರ್ಷಗಟ್ಟಲೆ ನೋವು ಹೊತ್ತವರ ಕಥೆಯೇ ಬೇರೆ. ಸರ್ಪಸುತ್ತು ಬಂದು ಹೋದವರನ್ನೇ ನೋಡಿ. ಗುಳ್ಳೆ ಒಣಗುತ್ತದೆ, ಕೆಲವರಿಗೆ ಉರಿ ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ರವಿಕೆಯ ಅಂಚು ತಾಗಿದರೂ ಸಹಿಸಲಾಗದು. ಬೆಳಿಗ್ಗೆ ಪ್ರೆಗಾಬಲಿನ್, ರಾತ್ರಿ ಅರ್ಧ ಟ್ರಮಡಾಲ್ ಅಂತ ಹೇಗೋ ಒಂದು ಹದಕ್ಕೆ ಬಂದಿರುತ್ತದೆ. ಆ ಹದ ಕಂಡುಹಿಡಿಯಲು ಡಾಕ್ಟರಿಗೂ ರೋಗಿಗೂ ತಿಂಗಳುಗಳೇ ಹಿಡಿದಿರುತ್ತವೆ. ಚೀಟಿ ಒಮ್ಮೆಲೇ ನಿಂತರೆ ನೋವು ಮರಳಿ ಬರುವುದಷ್ಟೇ ಅಲ್ಲ, ಬೆವರು, ನಡುಕ, ಭೇದಿ, ರಾತ್ರಿಯೆಲ್ಲ ಚಡಪಡಿಕೆ. ಮನೆಯವರು ಇದನ್ನು ‘ವಯಸ್ಸಾಯ್ತು, ಹಟ ಮಾಡ್ತಾರೆ’ ಎಂದುಕೊಳ್ಳುತ್ತಾರೆ. ಇಂಥ ಮಾತ್ರೆಗಳನ್ನು ಹಂತಹಂತವಾಗಿ ಇಳಿಸಬೇಕು, ತಟ್ಟನೆ ನಿಲ್ಲಿಸಬಾರದು ಎಂಬುದು ವೈದ್ಯಶಾಸ್ತ್ರದಲ್ಲಿ ಎಲ್ಲರೂ ಒಪ್ಪಿದ ಮಾತು. ಮುಂದೆ ಬರುವ ಕಾನೂನಿನ ವಾದಕ್ಕೂ ಅದೇ ತಳಪಾಯ.

ಡಾಕ್ಟರ ಕಡೆಗೂ ಒಂದು ಅಂಜಿಕೆ ಇದೆ ಎನ್ನುವುದನ್ನು ಒಪ್ಪಿಕೊಳ್ಳಬೇಕು. ಟ್ರಮಡಾಲ್ 2018ರ ಏಪ್ರಿಲ್‌ನಲ್ಲಿ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಗೆ ಸೇರಿತು. ಗಾಂಜಾ, ಅಫೀಮಿನ ಪ್ರಕರಣಗಳು ದಾಖಲಾಗುವ ಅದೇ ಕಾಯ್ದೆ. ಮೆಡಿಕಲ್ ಶಾಪಿನವರು ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಎಂಬುದನ್ನೆಲ್ಲ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ತಮ್ಮ ಹೆಸರು ಆ ಪುಸ್ತಕದಲ್ಲಿ ಪದೇಪದೇ ಬರುವುದು ಎಷ್ಟೋ ಡಾಕ್ಟರುಗಳಿಗೆ ಇಷ್ಟವಿಲ್ಲ. ಆದರೆ ಕಾಯ್ದೆ ಬೇಡವೆಂದಿರುವುದು ದುರುಪಯೋಗವನ್ನು. ಎಪ್ಪತ್ತೆಂಟರ ಅಜ್ಜಿಗೆ ಸರಿಯಾದ ಕಾರಣಕ್ಕೆ ಬರೆದುಕೊಡುವ ಮಾತ್ರೆಯನ್ನಲ್ಲ.

ಹಾಗಾದರೆ ಡಾಕ್ಟರು ರೋಗಿಯನ್ನು ಬಿಡಬಹುದೇ? ಬಿಡಬಹುದು. ಇಂಥವರೇ ನನಗೆ ಚಿಕಿತ್ಸೆ ಕೊಡಬೇಕು ಎಂದು ಯಾವ ನ್ಯಾಯಾಲಯದಿಂದಲೂ ಆದೇಶ ತರುವುದು ಸುಲಭವಲ್ಲ, ತಂದರೂ ಮನಸ್ಸಿಲ್ಲದ ಡಾಕ್ಟರ ಕೈಗೆ ಮೈ ಒಪ್ಪಿಸುವುದರಲ್ಲಿ ಅರ್ಥವಿಲ್ಲ. ಕಾನೂನು ಹಿಡಿಯುವುದು ಬಿಟ್ಟ ರೀತಿಯನ್ನು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಾವಳಿಯ 2.4ನೇ ನಿಯಮ ಇದನ್ನು ನೇರವಾಗಿಯೇ ಹೇಳುತ್ತದೆ: ಯಾರಿಗೆ ಚಿಕಿತ್ಸೆ ಕೊಡಬೇಕೆಂಬ ಆಯ್ಕೆ ವೈದ್ಯರದು, ಆದರೆ ಒಮ್ಮೆ ಕೈಗೆತ್ತಿಕೊಂಡ ರೋಗಿಯನ್ನು ಅಲಕ್ಷಿಸುವಂತಿಲ್ಲ, ರೋಗಿಗೂ ಮನೆಯವರಿಗೂ ಸಾಕಷ್ಟು ಮುಂಚೆ ತಿಳಿಸದೆ ನಡುವೆ ಬಿಡುವಂತಿಲ್ಲ. ಕಾರಣವಿಲ್ಲದೆ ಮನಬಂದಂತೆ ಚಿಕಿತ್ಸೆ ನಿರಾಕರಿಸಬಾರದು, ತುರ್ತು ಸ್ಥಿತಿಯಲ್ಲಂತೂ ನೋಡಲೇಬೇಕು ಎಂಬ ಮಾತೂ ಅದೇ ನಿಯಮಾವಳಿಯಲ್ಲಿದೆ. ಇದರ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ತಂದು, ವೈದ್ಯರ ವಿರೋಧ ಬಂದದ್ದೇ ಅದೇ ತಿಂಗಳು ತಡೆಹಿಡಿದು, ಹಳೆಯದನ್ನೇ ಮತ್ತೆ ಜಾರಿಗೆ ತಂದಿತು.

‘ಸಾಕಷ್ಟು ಮುಂಚೆ’ ಎಂದರೆ ಎಷ್ಟು ದಿನ ಎಂದು ನಿಯಮ ಹೇಳುವುದಿಲ್ಲ. ರೋಗಿ ಇನ್ನೊಬ್ಬ ಡಾಕ್ಟರನ್ನು ಹುಡುಕಿಕೊಳ್ಳಲು ಬೇಕಾಗುವಷ್ಟು ಎಂದು ಇಟ್ಟುಕೊಳ್ಳುವುದು ನ್ಯಾಯ. ಚಿತ್ರದುರ್ಗದ ಹಳ್ಳಿಯವರಿಗೂ ಜಯನಗರದವರಿಗೂ ಆ ಅವಧಿ ಒಂದೇ ಆಗಲಾರದು.

ಕೋರ್ಟಿನ ಮಾತು ಆಮೇಲೆ. ಮೊದಲ ವಾರ ಬೇಕಾಗಿರುವುದು ಕಾಗದ. ಚಿಕಿತ್ಸೆಯ ದಾಖಲೆ ಕೇಳಿ ರೋಗಿಯಾಗಲಿ ಅವರು ಒಪ್ಪಿಗೆ ಕೊಟ್ಟವರಾಗಲಿ ಅರ್ಜಿ ಕೊಟ್ಟರೆ ಅದಕ್ಕೆ ಸ್ವೀಕೃತಿ ಕೊಡಬೇಕು, 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ಅದೇ 2002ರ ನಿಯಮಾವಳಿ ಹೇಳುತ್ತದೆ. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು, ಕೇಳಿದರೂ ಕೊಡದಿದ್ದರೆ ಅದು ವೃತ್ತಿ ದುರ್ನಡತೆ. ಹೊರರೋಗಿಗಳ ವಿಷಯದಲ್ಲಿ ಆಸ್ಪತ್ರೆಯ ಬಳಿ ಹೆಚ್ಚೇನೂ ಇರುವುದಿಲ್ಲ. ಇರುವುದೆಲ್ಲ ಮನೆಯ ಪ್ಲಾಸ್ಟಿಕ್ ಕವರಿನಲ್ಲೇ. ಮಡಿಕೆ ಹರಿದ ಚೀಟಿಗಳು, ಮಾಸಿದ ಬಿಲ್ಲುಗಳು, ಎಂಆರ್‌ಐ ಫಿಲ್ಮು. ದಿನಾಂಕದ ಪ್ರಕಾರ ಜೋಡಿಸಿ ಫೋಟೊ ತೆಗೆದಿಟ್ಟುಕೊಳ್ಳಿ, ಬಿಲ್ಲಿನ ಅಕ್ಷರ ವರ್ಷದಲ್ಲಿ ಅಳಿಸಿಹೋಗುತ್ತದೆ.

ಅರ್ಜಿಗೆ ವಕೀಲರು ಬೇಡ, ಬಿಳಿ ಹಾಳೆ ಸಾಕು. ‘ನನ್ನ ತಾಯಿಯವರು ಇಂಥ ತಿಂಗಳಿನಿಂದ ತಮ್ಮಲ್ಲಿ ನೋವಿಗೆ ಚಿಕಿತ್ಸೆ ಪಡೆಯುತ್ತಿದ್ದು, ಇಂಥ ದಿನ ಚಿಕಿತ್ಸೆ ಮುಂದುವರಿಸಲಾಗದೆಂದು ಮೌಖಿಕವಾಗಿ ತಿಳಿಸಿರುತ್ತೀರಿ. ಬೇರೆ ವೈದ್ಯರು ದೊರೆಯುವವರೆಗೆ ಔಷಧಿಯ ಚೀಟಿ, ಅಥವಾ ಹಂತಹಂತವಾಗಿ ನಿಲ್ಲಿಸುವ ಕ್ರಮ, ಈವರೆಗಿನ ಚಿಕಿತ್ಸೆಯ ಸಾರಾಂಶ ಹಾಗೂ ಮುಂದಿನ ವೈದ್ಯರಿಗೆ ಶಿಫಾರಸು ಪತ್ರ ನೀಡಬೇಕಾಗಿ ಕೋರಿಕೆ.’ ಇಷ್ಟೇ. ಕೆಳಗೆ ತಾಯಿಯ ಸಹಿ ಅಥವಾ ಹೆಬ್ಬೆಟ್ಟು. ಎರಡು ಪ್ರತಿ ಒಯ್ದು ಒಂದರ ಮೇಲೆ ಆಸ್ಪತ್ರೆಯ ಸೀಲು ಹಾಕಿಸಿಕೊಳ್ಳಬೇಕು. ಹಾಕದಿದ್ದರೆ ಅಂಚೆಯಲ್ಲಿ ರಿಜಿಸ್ಟರ್ ಮಾಡಬೇಕು. ಈ ಕಾಗದ ಸೇರಿದ ಮೇಲೆ ಎಷ್ಟೋ ಆಸ್ಪತ್ರೆಗಳು ತಾವಾಗಿಯೇ ಒಂದು ತಿಂಗಳ ಮಾತ್ರೆ ಬರೆದುಕೊಟ್ಟು ಮುಗಿಸಲು ನೋಡುತ್ತವೆ. ನನ್ನನ್ನು ಕೇಳಿದರೆ ದೂರಿಗಿಂತ ಈ ಚೀಟಿಯೇ ದೊಡ್ಡ ಗೆಲುವು.

ಓಪಿಡಿಯಲ್ಲಿ ಗಲಾಟೆ ಮಾತ್ರ ಬೇಡ. ವೈದ್ಯಕೀಯ ಸಿಬ್ಬಂದಿಯ ಮೇಲೆ ಹಲ್ಲೆ, ಆಸ್ಪತ್ರೆಯ ಆಸ್ತಿ ಹಾನಿ ತಡೆಯಲು ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯ್ದೆಯಿದ್ದು, ಅದರಡಿ ಇವು ಜಾಮೀನುರಹಿತ ಅಪರಾಧ. ಅಮ್ಮನ ಮಾತ್ರೆಗಾಗಿ ಹೋದ ಮಗ ಠಾಣೆಯಲ್ಲಿ ಕೂರುವಂತಾಗಬಾರದು. ಡಾಕ್ಟರ ಮೇಲೆ ಪೊಲೀಸ್ ದೂರು ಕೊಡುವ ಉಪಾಯವೂ ಇಲ್ಲಿ ನಡೆಯದು. ಕ್ರಿಮಿನಲ್ ಮೊಕದ್ದಮೆಗೆ ತೀವ್ರ ನಿರ್ಲಕ್ಷ್ಯ ಬೇಕು ಎಂದು ಸುಪ್ರೀಂ ಕೋರ್ಟು 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ.

ಕಾಗದಕ್ಕೂ ಜಗ್ಗದಿದ್ದರೆ ದಾರಿಗಳು ಕವಲೊಡೆಯುತ್ತವೆ. ಖಾಸಗಿ ಆಸ್ಪತ್ರೆಯಾದರೆ ಹತ್ತಿರದ್ದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದಾಗ ಹುಟ್ಟಿದ್ದು ಇದು. ಆ ನವೆಂಬರಿನಲ್ಲಿ ತಿದ್ದುಪಡಿಯನ್ನು ವಿರೋಧಿಸಿ ರಾಜ್ಯದ ಖಾಸಗಿ ಡಾಕ್ಟರುಗಳು ಮುಷ್ಕರ ಹೂಡಿದ್ದು ಹಲವರಿಗೆ ನೆನಪಿರಬಹುದು. ಸರ್ಕಾರಿ ಆಸ್ಪತ್ರೆ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಅಲ್ಲಿ ವೈದ್ಯಕೀಯ ಅಧೀಕ್ಷಕರಿಗೋ ಜಿಲ್ಲಾ ಆರೋಗ್ಯಾಧಿಕಾರಿಗೋ ಬರೆಯಬೇಕು.

ಡಾಕ್ಟರ ನಡತೆಯ ಬಗ್ಗೆಯೇ ದೂರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತು. ಅದು ಎಚ್ಚರಿಕೆ ಕೊಡಬಹುದು, ನೋಂದಣಿಯನ್ನು ಅಮಾನತಿನಲ್ಲಿಡಬಹುದು. ಒಂದು ರೂಪಾಯಿ ಪರಿಹಾರ ಕೊಡಿಸಲಾರದು. ದೂರು ಆರು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ನಿಯಮವಿದೆ. ಪರಿಷತ್ತಿನ ಕ್ರಮ ಸರಿಯಿಲ್ಲ ಎನಿಸಿದ ಡಾಕ್ಟರು ಮೇಲ್ಮನವಿ ಹೋಗಬಹುದು ಎಂದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ 30ನೇ ಕಲಂ ಹೇಳುತ್ತದೆ. ದೂರು ಕೊಟ್ಟ ರೋಗಿಯ ಮೇಲ್ಮನವಿಯ ಬಗ್ಗೆ ಆ ಕಲಂನಲ್ಲಿ ಮಾತೇ ಇಲ್ಲ. ಇಂಥ ಕಾಯ್ದೆ ಬರೆಯುವಾಗ ಮೇಜಿನ ಯಾವ ಬದಿಯಲ್ಲಿ ಯಾರು ಕೂತಿದ್ದರು ಎಂದು ಊಹಿಸುವುದು ಕಷ್ಟವಲ್ಲ.

ದುಡ್ಡಿನ ಪರಿಹಾರಕ್ಕೆ ಗ್ರಾಹಕರ ಆಯೋಗ. ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಎಂದು 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಎಲ್ಲರಿಗೂ ಪುಕ್ಕಟೆ ನೋಡುವ ಆಸ್ಪತ್ರೆಗಳು ಮಾತ್ರ ಹೊರಗುಳಿದವು. 2019ರ ಕಾಯ್ದೆ ಬಂದ ಮೇಲೆ ರೋಗಿ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ತೆತ್ತ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು. ಕಷ್ಟ ಇರುವುದು ಸಾಬೀತು ಮಾಡುವುದರಲ್ಲಿ. ‘ಡಾಕ್ಟರು ಬಿಟ್ಟರು, ಅಮ್ಮ ನರಳಿದರು’ ಎಂದರೆ ಸಾಲದು. ಬಿಟ್ಟ ರೀತಿ ತಪ್ಪು, ಅದರಿಂದಲೇ ಇಂಥ ಹಾನಿ ಆಯಿತು ಎಂದು ತೋರಿಸಬೇಕು. ಮಾತ್ರೆ ನಿಂತ ನಾಲ್ಕನೇ ದಿನ ತುರ್ತು ಘಟಕಕ್ಕೆ ಸೇರಿಸಿದ ಡಿಸ್ಚಾರ್ಜ್ ಸಮ್ಮರಿ ಇದ್ದರೆ, ಅದರಲ್ಲಿ ಕಾರಣ ಬರೆದಿದ್ದರೆ, ಬಲ ಬರುತ್ತದೆ. ಹಾಗಾಗಿ ತುರ್ತು ಘಟಕದಲ್ಲಿ ‘ಇಂಥ ಮಾತ್ರೆ ಇಂಥ ದಿನ ನಿಂತಿತು’ ಎಂದು ಹೇಳಿ ಬರೆಸಬೇಕು. ತೀರ್ಪು ತಿಂಗಳುಗಳಲ್ಲಿ ಬರಬೇಕೆಂದು ಕಾಯ್ದೆಯಲ್ಲಿದೆ, ವರ್ಷಗಳು ಹಿಡಿಯುವುದು ರೂಢಿ. ಎಂಬತ್ತು ದಾಟಿದವರ ಮಟ್ಟಿಗೆ ಇದು ಸಣ್ಣ ಮಾತಲ್ಲ.

ಅದಕ್ಕೇ ಯಾರ ಬಾಯಲ್ಲೂ ಬಾರದ ಒಂದು ಬಾಗಿಲನ್ನು ಹೇಳಬೇಕು: ಕಾಯಂ ಲೋಕ ಅದಾಲತ್. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 22ಎ ಕಲಂ ಆಸ್ಪತ್ರೆ ಸೇವೆಯನ್ನೂ ಸಾರ್ವಜನಿಕ ಉಪಯುಕ್ತ ಸೇವೆ ಎನ್ನುತ್ತದೆ. ಕೋರ್ಟ್ ಫೀ ಇಲ್ಲ. ಮೊದಲು ಎರಡೂ ಕಡೆಯವರನ್ನು ಕೂರಿಸಿ ರಾಜಿಗೆ ನೋಡುತ್ತಾರೆ, ಆಗದಿದ್ದರೆ ತಾವೇ ತೀರ್ಮಾನ ಕೊಡುತ್ತಾರೆ. ‘ದಾಖಲೆ ಕೊಡಿ, ಇನ್ನೊಬ್ಬರಿಗೆ ವಹಿಸಿಕೊಡಿ’ ಎಂಬ ಬೇಡಿಕೆಗೆ ಇದಕ್ಕಿಂತ ಹೊಂದುವ ಜಾಗ ಇಲ್ಲ. ವಕೀಲರು ಬೇಕೆನಿಸಿದರೆ ಅದೇ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಉಂಟು. 15100ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಹಿರಿಯ ನಾಗರಿಕರ ಸಹಾಯವಾಣಿ 14567.

ಮಾತ್ರೆ ತಟ್ಟನೆ ನಿಲ್ಲುವ ಈ ಸಂಕಟ ಭಾರಿ ಪ್ರಮಾಣದಲ್ಲಿ ಕಂಡದ್ದು ಅಮೆರಿಕದಲ್ಲಿ. 2016ರಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಟ್ರಮಡಾಲ್‌ನಂಥ ಅಫೀಮು ಜಾತಿಯ ನೋವಿನ ಮಾತ್ರೆಗಳಿಗೆ ಮಾರ್ಗಸೂಚಿ ಹೊರಡಿಸಿತು. ಸಲಹೆಯಾಗಿ ಬರೆದದ್ದನ್ನು ರಾಜ್ಯಗಳು, ವಿಮಾ ಕಂಪನಿಗಳು ಕಟ್ಟಳೆ ಮಾಡಿಕೊಂಡವು, ಡಾಕ್ಟರುಗಳು ಹಳೆಯ ರೋಗಿಗಳನ್ನು ಬಿಡತೊಡಗಿದರು. ತಟ್ಟನೆ ನಿಲ್ಲಿಸಿದರೆ ಆತ್ಮಹತ್ಯೆಯವರೆಗೂ ಹೋಗಬಹುದು ಎಂದು ಔಷಧ ಆಡಳಿತ ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ಎಚ್ಚರಿಸಬೇಕಾಯಿತು. 2022ರಲ್ಲಿ ಸಿಡಿಸಿ ಮಾರ್ಗಸೂಚಿಯನ್ನೇ ಸಡಿಲಿಸಿತು. ಅಲ್ಲಿ ನೋಟಿಸಿಲ್ಲದೆ ರೋಗಿಯನ್ನು ಬಿಡುವುದು ಪರಿಹಾರಕ್ಕೆ ದಾವೆ ಹೂಡಬಹುದಾದ ತಪ್ಪು, ಮೂವತ್ತು ದಿನದ ಪತ್ರ ಕೊಡುವುದು ರೂಢಿ. ಆದರೂ ಮುದುಕರ ಪ್ರಕರಣವನ್ನು ವಕೀಲರು ಸುಲಭವಾಗಿ ಹಿಡಿಯುವುದಿಲ್ಲ. ಅವರ ಫೀಸು ಬರುವ ಪರಿಹಾರದಲ್ಲಿ ಪಾಲು, ನಿವೃತ್ತರಿಗೆ ಸಂಬಳ ಹೋದ ಲೆಕ್ಕವಿಲ್ಲ. ಆದ್ದರಿಂದ ರಾಜ್ಯದ ವೈದ್ಯಕೀಯ ಮಂಡಳಿಗೆ ದೂರು ಕೊಡುವುದೇ ಹೆಚ್ಚು. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಗ್ರೀನ್ ಕಾರ್ಡ್ ಮೇಲೆ ಮಕ್ಕಳ ಜೊತೆಗಿರುವ ನಮ್ಮ ಅಪ್ಪ ಅಮ್ಮಂದಿರಿಗೂ ಅನ್ವಯಿಸುವುದು ಇದೇ. ದಾಖಲೆ ಕೊಡಲು ಅಲ್ಲಿನ ಕೇಂದ್ರ ಕಾನೂನು ಮೂವತ್ತು ದಿನ ಕೊಡುತ್ತದೆ. ನಮ್ಮ 72 ಗಂಟೆ ಅದಕ್ಕಿಂತ ಎಷ್ಟೋ ವಾಸಿ, ಕೇಳುವವರಿದ್ದರೆ.

ಅಲ್ಲಿರುವ ಮಗ ಇಲ್ಲಿರುವ ತಾಯಿಗೆ ವಿಡಿಯೊ ಕರೆಯಲ್ಲಿ ಹೊಸ ಡಾಕ್ಟರನ್ನು ಗೊತ್ತು ಮಾಡಿಕೊಡುವುದು ಈಗ ಸಾಮಾನ್ಯ. ಟ್ರಮಡಾಲ್‌ನವರಿಗೆ ಅದು ಉಪಯೋಗಕ್ಕೆ ಬಾರದು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಎನ್‌ಡಿಪಿಎಸ್ ಪಟ್ಟಿಯ ಔಷಧಿಗಳನ್ನು ದೂರದಿಂದ ಬರೆಯುವಂತಿಲ್ಲ. ಎದುರಿಗೆ ಕೂರಿಸಿಯೇ ತೋರಿಸಬೇಕು. ಮೂಳೆಯ ಡಾಕ್ಟರು ಬಿಟ್ಟರೆಂದು ಇನ್ನೊಬ್ಬ ಮೂಳೆಯ ಡಾಕ್ಟರನ್ನೇ ಹುಡುಕಬೇಕಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಅರಿವಳಿಕೆ ತಜ್ಞರು ನಡೆಸುವ ಪೇನ್ ಕ್ಲಿನಿಕ್‌ಗಳಿವೆ, ಹಿರಿಯರ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ವೃದ್ಧರ ಓಪಿಡಿ ಇದೆ. ಕ್ಯಾನ್ಸರ್ ನೋವಾದರೆ ಬೆಂಗಳೂರಿನ ಕಿದ್ವಾಯಿಯ ಉಪಶಾಮಕ ವಿಭಾಗ. ಹೋಗುವಾಗ ಆ ಪ್ಲಾಸ್ಟಿಕ್ ಕವರು ಜೊತೆಗಿರಲಿ. ಹಳೆಯ ಚೀಟಿ, ಹಿಂದಿನ ಡಾಕ್ಟರ ಸಾರಾಂಶ ನೋಡದೆ ಯಾರೂ ಮೊದಲ ದಿನವೇ ಆ ಮಾತ್ರೆ ಬರೆಯುವುದಿಲ್ಲ. ಸ್ಟ್ರಿಪ್ಪಿನಲ್ಲಿ ಇನ್ನೂ ಎರಡು ವಾರದ ಮಾತ್ರೆ ಉಳಿದಿರುವಾಗಲೇ ಹೊರಡುವುದು ಒಳ್ಳೆಯದು.